ಭದ್ರಾವತಿಯ ಮಾತು ಬಂದಾಗ ಅದಿರಿನ ಮಾತೂ ಬರಲಿ

ಭದ್ರಾವತಿಯ ಕಾರ್ಖಾನೆಗಳ ಪ್ರಸ್ತಾಪ ಬಂದಾಗಲೆಲ್ಲ ಚರ್ಚೆ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ವಿಶ್ವೇಶ್ವರಯ್ಯನವರು ಕಟ್ಟಿದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಅಭಿಮಾನ ಒಂದು ಕಡೆ. ನಷ್ಟದಲ್ಲಿರುವ ಉದ್ದಿಮೆಗೆ ಜನರ ತೆರಿಗೆ ಹಣವನ್ನು ಇನ್ನೆಷ್ಟು ಕಾಲ ಸುರಿಯಬೇಕೆಂಬ ಲೆಕ್ಕಾಚಾರ ಇನ್ನೊಂದು ಕಡೆ. ಎರಡೂ ಕಡೆಯವರ ಮಾತನ್ನು ನಾನು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ಆದರೆ ಆ ಕಾರ್ಖಾನೆ ಆ ಜಾಗದಲ್ಲೇ ಏಕೆ ಹುಟ್ಟಿತು, ಅದನ್ನು ಹುಟ್ಟಿಸಿದ ಕಾರಣಗಳಲ್ಲಿ ಇಂದು ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ಕೇಳುವವರು ಕಡಿಮೆ. ಈ ಊರಿನ ಇತಿಹಾಸ, ಸ್ವಭಾವ, ಸಂಕಟಗಳೆಲ್ಲವೂ ಆ ಪ್ರಶ್ನೆಯಲ್ಲೇ ಅಡಗಿವೆ ಎಂಬುದು ನನ್ನ ನಂಬಿಕೆ. ಆದ್ದರಿಂದ ಸ್ವಲ್ಪ ಹಿಂದಿನಿಂದ, ವಿವರವಾಗಿಯೇ ಬರೆಯುತ್ತಿದ್ದೇನೆ.

ಹಿಂದೆ ಬೆಂಕಿಪುರ ಎಂದು ಕರೆಯಲಾಗುತ್ತಿದ್ದ ಈ ಊರು ಭದ್ರಾ ನದಿಯ ದಂಡೆಯ ಒಂದು ಸಣ್ಣ ಗ್ರಾಮವಾಗಿತ್ತು. ಹಳೇನಗರದಲ್ಲಿ ಇಂದಿಗೂ ಪೂಜೆ ನಡೆಯುವ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ್ದು. ಮೂರು ಗರ್ಭಗುಡಿಗಳು, ನಕ್ಷತ್ರದಾಕಾರದ ಜಗತಿ, ಹೊರಗೋಡೆಯ ಮೇಲೆ ಬಳಪದ ಕಲ್ಲಿನ ವಿಗ್ರಹಗಳು. ಬೇಲೂರು ಹಳೇಬೀಡುಗಳಿಗೆ ಹೋಗುವವರಲ್ಲಿ ನೂರಕ್ಕೆ ಒಬ್ಬರೂ ಇಲ್ಲಿಗೆ ಬರುವುದಿಲ್ಲ. ಭದ್ರಾವತಿ ಎಂದರೆ ಹೊಗೆಕೊಳವೆ ಎಂದಷ್ಟೇ ತಿಳಿದವರಿಗೆ, ಆ ಹೊಗೆಗಿಂತ ಏಳು ನೂರು ವರ್ಷ ಮೊದಲೇ ಇಲ್ಲಿ ಕಲ್ಲನ್ನು ಅಷ್ಟು ನಯವಾಗಿ ಕೆತ್ತಬಲ್ಲ ಕೈಗಳು ದುಡಿದಿದ್ದವು ಎಂಬುದು ಗೊತ್ತಾಗಬೇಕು.

ಆದರೂ ಊರನ್ನು ಇಂದಿನ ಊರನ್ನಾಗಿ ಮಾಡಿದ್ದು ಕಾರ್ಖಾನೆಯೇ. ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಲು ಜಾಗ ಹುಡುಕಿದಾಗ ಇಲ್ಲಿ ಎಲ್ಲವೂ ಕೈಗೆಟುಕುವಂತಿತ್ತು. ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮ ಅದಿರು, ಹತ್ತಿರದ ಭಂಡಿಗುಡ್ಡದಲ್ಲಿ ಸುಣ್ಣಕಲ್ಲು, ಲಕ್ಕವಳ್ಳಿಯ ಕಡೆಗೆ ದಟ್ಟವಾದ ಕಾಡು, ಊರಿನ ಮಧ್ಯದಲ್ಲೇ ಹರಿಯುವ ನದಿ, ಜೊತೆಗೆ ಬೀರೂರಿನಿಂದ ಶಿವಮೊಗ್ಗಕ್ಕೆ ಆಗಲೇ ಹಾಕಿದ್ದ ರೈಲು ಮಾರ್ಗ. ಇಲ್ಲದೇ ಇದ್ದದ್ದು ಕಲ್ಲಿದ್ದಲು ಒಂದೇ. ಅದಕ್ಕೆ ಬದಲಾಗಿ ಕಾಡಿನ ಸೌದೆಯನ್ನು ಇದ್ದಿಲು ಮಾಡಿ ಊದುಕುಲುಮೆಗೆ ಹಾಕುವ ವಿಧಾನವನ್ನು ಆರಿಸಿಕೊಂಡರು. 1918ರಲ್ಲಿ ಕೆಲಸ ಆರಂಭವಾದ ಆ ಸಂಸ್ಥೆಗೆ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂಬ ಹೆಸರು ಬಂದದ್ದು ಆ ಕಾರಣಕ್ಕೆ. ಸೌದೆಯನ್ನು ಗಾಳಿಯಾಡದ ಕಬ್ಬಿಣದ ಕೋಣೆಗಳಲ್ಲಿಟ್ಟು ಕಾಯಿಸಿದರೆ ಇದ್ದಿಲು ಉಳಿಯುತ್ತದೆ; ಹೊರಬರುವ ಆವಿಯನ್ನು ತಣಿಸಿದರೆ ಮೀಥೈಲ್ ಆಲ್ಕೋಹಾಲ್, ಅಸಿಟೇಟ್, ಟಾರುಗಳು ಸಿಗುತ್ತವೆ. ಅವನ್ನೂ ಮಾರಿ ಕಬ್ಬಿಣದ ಖರ್ಚನ್ನು ಇಳಿಸಬೇಕೆಂಬುದು ಯೋಜನೆಯಾಗಿತ್ತು. ಕೆಮ್ಮಣ್ಣುಗುಂಡಿಯ ಎತ್ತರದಿಂದ ತಣಿಗೆಬೈಲಿನವರೆಗೆ ಅದಿರು ರೋಪ್‌ವೇಯ ತೊಟ್ಟಿಗಳಲ್ಲಿ ತೇಲುತ್ತಾ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಕಿರಿದಾದ ಹಳಿಗಳ ಬಂಡಿಗಳು. ಕಾಡಿನೊಳಗೂ ಟ್ರಾಮ್‌ವೇ ಹಳಿಗಳು ಹೋಗಿದ್ದವು.

1923ರ ಜನವರಿಯಲ್ಲಿ ಕುಲುಮೆ ಹೊತ್ತಿದಾಗ ಮೊದಲ ಮಹಾಯುದ್ಧದ ಕಾಲದ ಬೆಲೆಗಳು ಬಿದ್ದುಹೋಗಿದ್ದವು. ಯೋಜನೆಗೆ ಅಂದಾಜಿಗಿಂತ ಹೆಚ್ಚು ಖರ್ಚಾಗಿತ್ತು, ಬೀಡು ಕಬ್ಬಿಣವನ್ನು ಕೇಳುವವರು ಕಡಿಮೆಯಾಗಿದ್ದರು. ಸಂಸ್ಥಾನದ ಹಣವನ್ನು ಬೆಂಕಿಗೆ ಹಾಕುತ್ತಿದ್ದಾರೆ ಎಂಬ ಟೀಕೆ ಮೊದಲ ದಿನದಿಂದಲೇ ಕೇಳಿಬಂದಿತು. 1918ರಲ್ಲಿಯೇ ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆಸಿ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದ್ದು ಆಗಲೇ. 1929ರವರೆಗೆ ಆ ಹೊಣೆಯನ್ನು ಹೊತ್ತ ಅವರು ವಿದೇಶಿ ತಜ್ಞರ ಜಾಗಕ್ಕೆ ನಮ್ಮವರನ್ನು ತಂದರು, ಖರ್ಚನ್ನು ಹಿಡಿತಕ್ಕೆ ತಂದರು, ಬೀಡು ಕಬ್ಬಿಣವನ್ನು ಹಾಗೆಯೇ ಮಾರುವ ಬದಲು ಕೊಳವೆ ಎರಕ ಹೊಯ್ಯುವ ದಾರಿಗೆ ಸಂಸ್ಥೆಯನ್ನು ತಿರುಗಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಅವರು ಸ್ವಂತಕ್ಕೆ ಬಳಸದೆ ಬೆಂಗಳೂರಿನಲ್ಲಿ ಕೈಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಅದರ ಫಲ. ಭದ್ರಾವತಿಯ ಕುಲುಮೆಯಿಂದ ಬಂದ ಹಣ ಎಲ್ಲೆಲ್ಲಿಯ ಮಕ್ಕಳ ಕೈಗೆ ಉಪಕರಣ ಕೊಟ್ಟಿತು ಎಂದು ಯೋಚಿಸಿದರೆ, ಕಾರ್ಖಾನೆಯ ಲಾಭನಷ್ಟವನ್ನು ಅದರ ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ ಹುಡುಕುವುದು ಅನ್ಯಾಯವೆನಿಸುತ್ತದೆ.

ಮುಂದಿನ ಬೆಳವಣಿಗೆ ಬೇಗಬೇಗನೆ ಆಯಿತು. 1936ರಲ್ಲಿ ಉಕ್ಕಿನ ಘಟಕ ಬಂದಿತು, ಆ ದಶಕದ ಕೊನೆಗೆ ಸಿಮೆಂಟ್, 1940ರ ದಶಕದಲ್ಲಿ ಉಕ್ಕಿಗೆ ಬೆರೆಸುವ ಫೆರೋ ಸಿಲಿಕಾನ್. ಜೋಗದ ವಿದ್ಯುತ್ ದೊರೆತ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳಲ್ಲಿ ಕಬ್ಬಿಣ ಕರಗಿಸುವ ಕೆಲಸವೂ ಆರಂಭವಾಯಿತು. 1936ರಲ್ಲೇ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಗಿ ಕೆಲವೇ ವರ್ಷಗಳಲ್ಲಿ ಕಾಗದ ತಯಾರಿಸತೊಡಗಿತು. 1980ರ ದಶಕದ ಆರಂಭದಿಂದ ಅದೇ ಎಂ.ಪಿ.ಎಂ. ಪತ್ರಿಕಾ ಕಾಗದವನ್ನೂ ಕೊಟ್ಟಿತು. ಅಂದರೆ ಕನ್ನಡ ನಾಡಿನ ಮನೆಗಳಿಗೆ ಬೆಳಿಗ್ಗೆ ಬಂದು ಬೀಳುತ್ತಿದ್ದ ಎಷ್ಟೋ ಪತ್ರಿಕೆಗಳ ಹಾಳೆಯಲ್ಲಿ ಭದ್ರೆಯ ನೀರೂ ಮಲೆನಾಡಿನ ಬಿದಿರು ನೀಲಗಿರಿಗಳ ನಾರೂ ಸೇರಿದ್ದವು.

ಈ ಊರಿನ ಸ್ವಭಾವವನ್ನು ಅರಿಯಬೇಕಾದರೆ ಇಲ್ಲಿಯ ಬಡಾವಣೆಗಳಲ್ಲಿ ನಡೆದು ನೋಡಬೇಕು. ನ್ಯೂ ಟೌನ್, ಪೇಪರ್ ಟೌನ್, ಹುತ್ತಾ ಕಾಲೋನಿ, ಜನ್ನಾಪುರ, ಹೊಸಮನೆ, ಕೂಲಿಬ್ಲಾಕ್ ಶೆಡ್, ಜಿಂಕ್‌ಲೈನ್, ವೇಲೂರು ಶೆಡ್. ಬೇರೆ ಊರುಗಳಲ್ಲಿ ಕೇರಿಗಳು ಜಾತಿಯ ಪ್ರಕಾರ ಹುಟ್ಟಿದರೆ ಇಲ್ಲಿ ಬಹುಪಾಲು ಕೇರಿಗಳು ಕೆಲಸದ ಪ್ರಕಾರ ಹುಟ್ಟಿದವು. ಕುಲುಮೆಯ ಮುಂದೆ ನಿಲ್ಲುವವನ ಮನೆ, ಸೂಪರ್‌ವೈಸರ್ ಮನೆ, ಎಂಜಿನಿಯರ್ ಬಂಗಲೆ ಎಂಬ ಮೇಲುಕೀಳು ಇಲ್ಲಿಯೂ ಇತ್ತು, ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೂ ತಮಿಳುನಾಡಿನಿಂದ, ಆಂಧ್ರದಿಂದ, ಕೇರಳದಿಂದ, ಬಯಲುಸೀಮೆಯ ಹಳ್ಳಿಗಳಿಂದ ಬಂದವರು ಒಂದೇ ಸಾಲಿನ ಕ್ವಾರ್ಟರ್ಸ್‌ನಲ್ಲಿ ಒಂದೇ ನಲ್ಲಿಯ ನೀರು ಹಿಡಿದು ಬಾಳಿದಾಗ ಒಂದು ಹೊಸ ಸಮಾಜ ತಾನಾಗಿ ರೂಪುಗೊಂಡಿತು. ತಮಿಳರ ಮುರುಗನ ಹಬ್ಬವಾದ ಆಡಿಕೃತ್ತಿಕೆಯ ದಿನ ಕಾವಡಿ ಹೊತ್ತು 'ಹರೋಹರ' ಎನ್ನುತ್ತಾ ಹೋಗುವವರ ಹಿಂದೆ ಅಚ್ಚ ಮಲೆನಾಡಿನ ಮನೆಯವರೂ ಇರುತ್ತಾರೆ. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಮಾತನಾಡುವ ಹುಡುಗ ಇಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಹೊರಗಿನವರು ಭದ್ರಾವತಿಯನ್ನು ಗಲಾಟೆಯ ಊರು ಎಂದು ಕರೆಯುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಸಂಘ ಕಟ್ಟಿಕೊಂಡು ಹಕ್ಕು ಕೇಳುವುದನ್ನು ಕಲಿತ ಕಾರ್ಮಿಕರ ಊರು ಮೆತ್ತಗೆ ಮಾತನಾಡುವುದಿಲ್ಲ ಎಂಬುದು ನಿಜ. ಆದರೆ ಆ ದನಿ ಬಾಯಿಬಡುಕತನದ್ದಲ್ಲ, ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲದವರದು.

ಊರಿನ ಗಡಿಯಾರ ಸೈರನ್ ಆಗಿತ್ತು. ಬೆಳಗಿನ ಸೈರನ್ನಿಗೆ ಒಲೆಯ ಮೇಲೆ ಅನ್ನದ ಪಾತ್ರೆ ಏರುತ್ತಿತ್ತು, ಮಧ್ಯಾಹ್ನದ ಸೈರನ್ನಿಗೆ ಬುತ್ತಿಯ ಕ್ಯಾರಿಯರ್ ಮನೆಯಿಂದ ಹೊರಡುತ್ತಿತ್ತು. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನಿಂದ ಸೈಕಲ್ಲುಗಳ ಪ್ರವಾಹ ಹೊರಬಿದ್ದಾಗ ಬಿ.ಎಚ್. ರಸ್ತೆಯಲ್ಲಿ ಬಸ್ಸುಗಳೂ ನಿಲ್ಲಬೇಕಾಗುತ್ತಿತ್ತು. ಎದುರಾದವರನ್ನು 'ಊಟ ಆಯ್ತಾ' ಎಂದು ಕೇಳುವ ಬದಲು 'ಏನಣ್ಣ, ಯಾವ ಶಿಫ್ಟು?' ಎಂದು ಕೇಳುವುದು ಇಲ್ಲಿಯ ವಾಡಿಕೆ. ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿರುವ ಮನೆಯ ಮುಂದೆ ಗೋಲಿ ಆಡುವ ಮಕ್ಕಳು ದನಿ ತಗ್ಗಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಏಕೆಂದರೆ ನಾಳೆ ಅವರ ಅಪ್ಪನೂ ಅದೇ ಪಾಳಿಗೆ ಹೋಗುವವರು. ನಾನು ಹತ್ತಿರದಿಂದ ನೋಡಿದ ಕ್ವಾರ್ಟರ್ಸ್ ಒಂದರ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಗೂಟ ಹುಗಿದಿದ್ದರು. ಅದಕ್ಕೆ ನೇತುಹಾಕಿದ ಖಾಕಿ ಅಂಗಿಯ ತೋಳಿನ ಮೇಲೆ ಬಿಸಿ ಕಿಡಿಗಳು ಸುಟ್ಟ ಸಣ್ಣ ಸಣ್ಣ ತೂತುಗಳು, ಒಂದೊಂದಕ್ಕೂ ಮನೆಯಾಕೆ ದಾರದಿಂದ ಹಾಕಿದ ಹೊಲಿಗೆ. ಕೆಲಸ ಎಂಥದ್ದೆಂದು ತಿಳಿಯಲು ಆ ತೋಳನ್ನು ನೋಡಿದರೆ ಸಾಕಾಗಿತ್ತು.

ಕಾರ್ಖಾನೆ ಸಂಬಳವನ್ನಷ್ಟೇ ಕೊಡಲಿಲ್ಲ. ಆಸ್ಪತ್ರೆ, ಶಾಲೆ, ಆಟದ ಮೈದಾನ, ನಾಟಕ ಆಡುವ ವೇದಿಕೆ ಎಲ್ಲವೂ ಅದರೊಡನೆ ಬಂದವು. ಭಾರತ ಕಂಡ ಅತ್ಯಂತ ಸೊಗಸಿನ ಬ್ಯಾಟ್ಸ್‌ಮನ್‌ಗಳಲ್ಲಿ ಒಬ್ಬರಾದ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಚಿತ್ರನಟ ದೊಡ್ಡಣ್ಣ ಬೆಳ್ಳಿತೆರೆಗೆ ಹೋಗುವ ಮೊದಲು ಇದೇ ಕಬ್ಬಿಣದ ಕಾರ್ಖಾನೆಯಲ್ಲಿ ಉದ್ಯೋಗಿಯಾಗಿದ್ದರು. 1965ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲಂತೂ ಚಿತ್ರದುರ್ಗ, ದಾವಣಗೆರೆ, ಚಿಕ್ಕಮಗಳೂರು ಕಡೆಯ ಹಳ್ಳಿಗಳಲ್ಲಿ ಕಾರ್ಖಾನೆಯನ್ನು ಎಂದೂ ಕಾಣದವರೂ ಕೃಷಿರಂಗ ಕೇಳುತ್ತಾ ಈ ಊರಿನ ಹೆಸರನ್ನು ದಿನಕ್ಕೆ ಹಲವು ಬಾರಿ ಕಿವಿಗೆ ಹಾಕಿಕೊಂಡರು.

ಇಷ್ಟನ್ನು ಪ್ರೀತಿಯಿಂದ ಹೇಳಿದ ಮೇಲೆ ಇದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನೂ ಹೇಳಲೇಬೇಕು. ಒಂದು ಟನ್ ಇದ್ದಿಲು ಬೇಕೆಂದರೆ ನಾಲ್ಕೈದು ಟನ್ ಸೌದೆ ಸುಡಬೇಕು. ದಶಕಗಳ ಕಾಲ ಹಗಲೂ ರಾತ್ರಿ ಉರಿದ ಕುಲುಮೆಗೆ ಎಷ್ಟು ಕಾಡು ಹೋಗಿರಬಹುದೆಂದು ಲೆಕ್ಕ ಹಾಕಿದರೆ ಎದೆ ಭಾರವಾಗುತ್ತದೆ. ಕಾಗದಕ್ಕಾಗಿ ಬಿದಿರು ಮುಗಿದ ಮೇಲೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು. ಮಲೆನಾಡಿನ ಗುಡ್ಡಗಳಲ್ಲಿ ಹುಲ್ಲು, ಸೊಪ್ಪು, ಜಲದ ಕಣ್ಣುಗಳನ್ನು ಕಳೆದುಕೊಂಡ ಹಳ್ಳಿಗಳವರು ಇಂದಿಗೂ ಆ ತೋಪುಗಳ ವಿರುದ್ಧ ದನಿ ಎತ್ತುತ್ತಿದ್ದಾರೆ. ಅವರ ದನಿಯಲ್ಲಿ ನ್ಯಾಯವಿದೆ. ಇನ್ನು ನದಿ. ಗಂಗಾಮೂಲದಲ್ಲಿ ಹುಟ್ಟಿ ಲಕ್ಕವಳ್ಳಿಯ ಅಣೆಕಟ್ಟೆಯನ್ನು ದಾಟಿ ಬರುವ ಭದ್ರೆ ಊರಿನ ಮೇಲ್ಭಾಗದಲ್ಲಿ ತಿಳಿಯಾಗಿರುತ್ತಿದ್ದಳು, ಕೆಳಭಾಗದಲ್ಲಿ ಕಾರ್ಖಾನೆಗಳ ತ್ಯಾಜ್ಯ ಸೇರಿ ಬಣ್ಣ ಬದಲಾಯಿಸುತ್ತಿದ್ದಳು. ಅಲ್ಲಿಂದ ಕೂಡಲಿಯಲ್ಲಿ ತುಂಗೆಯನ್ನು ಸೇರುವವರೆಗೆ ದಂಡೆಯ ಹಳ್ಳಿಗಳು ಆ ನೀರಿನಲ್ಲೇ ದನ ಮೈತೊಳೆದು, ಗದ್ದೆಗೆ ಹಾಯಿಸಿ, ಬಾಳಿದವು. ಊರಿನ ಸಂಬಳದ ದಿನದ ಸಂಭ್ರಮದಲ್ಲಿ ಅವರಿಗೆ ಪಾಲಿರಲಿಲ್ಲ.

ಹಾಗಾಗಿ ಹಳೆಯ ಭದ್ರಾವತಿ ಹಾಗೆಯೇ ಮರಳಿ ಬರಲಿ ಎಂದು ನಾನು ಕೇಳುವುದಿಲ್ಲ. ಸೌದೆ ಸುಡುವ ಕಾಲ ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಆ ಕಾಲ ಮುಗಿದಾಗ ಅದರ ಜಾಗಕ್ಕೆ ಏನನ್ನು ತರಬೇಕೆಂದು ಯಾರೂ ಕೊನೆಯವರೆಗೆ ಯೋಚಿಸಲಿಲ್ಲ ಎಂಬುದೇ ನನ್ನ ದೂರು. ಇದ್ದಿಲು ಹೋಗಿ ಕಲ್ಲಿದ್ದಲಿನಿಂದ ಮಾಡುವ ಕೋಕ್ ಬಂದಿತು. ಕೋಕ್ ದೂರದಿಂದ, ಬಂದರಿನಿಂದ ಬರಬೇಕು. ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಅದಿರನ್ನು ಮಾರುಕಟ್ಟೆಯ ಬೆಲೆಗೆ ಹೊರಗಿನಿಂದ ಕೊಳ್ಳಬೇಕಾಯಿತು. ಕಬ್ಬಿಣ ತಯಾರಿಕೆಯಲ್ಲಿ ಅತಿ ಹೆಚ್ಚು ತೂಗುವ ಎರಡು ವಸ್ತುಗಳೂ ದೂರದಿಂದ ಬರುವಂತಾದ ಮೇಲೆ, ಕರಾವಳಿಯಿಂದಲೂ ಗಣಿಯಿಂದಲೂ ದೂರವಿರುವ ಒಂದು ಸಣ್ಣ ಕಾರ್ಖಾನೆ ಸ್ವಂತ ಗಣಿಯುಳ್ಳ ದೊಡ್ಡ ಕಾರ್ಖಾನೆಗಳ ಜೊತೆ ಬೆಲೆಯಲ್ಲಿ ಸೆಣಸುವುದಾದರೂ ಹೇಗೆ? ಕೆಲಸಗಾರರ ಸೋಮಾರಿತನದಿಂದ, ಸಂಘದ ಹಟದಿಂದ ಕಾರ್ಖಾನೆ ಮುಳುಗಿತು ಎಂದು ಸಲೀಸಾಗಿ ತೀರ್ಪು ಕೊಡುವವರು ಈ ಒಂದು ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು.

ಇದೇ ಭದ್ರೆ ಹುಟ್ಟುವ ಕುದುರೆಮುಖದ ಬೆಟ್ಟಗಳಲ್ಲಿ ದೇಶದ ದೊಡ್ಡ ಅದಿರು ಗಣಿಗಳಲ್ಲಿ ಒಂದು ನಡೆಯಿತು. ಅಲ್ಲಿಯ ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಘಟ್ಟ ಇಳಿಸಿ ಮಂಗಳೂರಿಗೆ ಕಳುಹಿಸಿದರು, ಅಲ್ಲಿಂದ ಹಡಗು ಹತ್ತಿಸಿದರು. ಗಣಿಯ ಹೂಳು ಮಾತ್ರ ಮಳೆಗಾಲದಲ್ಲಿ ಭದ್ರೆಯ ಜೊತೆ ಈ ಕಡೆಗೆ ಹರಿದು ಬಂದಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತದ್ದು ಸರಿಯಾದ ತೀರ್ಮಾನ. ಪಶ್ಚಿಮಘಟ್ಟದ ನೆತ್ತಿಯನ್ನು ಮತ್ತೆ ಬಗೆಯಬೇಕೆಂದು ನಾನೆಂದೂ ಹೇಳಲಾರೆ. ಆದರೂ ನದಿಯ ತಲೆಯಲ್ಲಿ ಗಣಿ, ನದಿಯ ದಂಡೆಯಲ್ಲಿ ಕುಲುಮೆ ಇದ್ದ ಆ ವರ್ಷಗಳಲ್ಲಿ ಇವೆರಡನ್ನೂ ಒಟ್ಟಿಗೆ ಇಟ್ಟು ಯೋಚಿಸುವ ನೀತಿ ನಮ್ಮಲ್ಲಿ ಇರಲಿಲ್ಲ ಎಂಬುದನ್ನು ನೆನೆದಾಗ ನೋವಾಗುತ್ತದೆ.

ಆಡಳಿತ ಬದಲಾದ ಕಥೆಯನ್ನು ಚಿಕ್ಕದಾಗಿ ಹೇಳಬಹುದು. 1962ರಲ್ಲಿ ಸಂಸ್ಥೆ ಕಂಪನಿಯಾಯಿತು, 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೊತ್ತಿತು, 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆಯಾದ ಸೈಲ್ ಕೈಗೆ ಬಂದು 1998ರಲ್ಲಿ ಅದರಲ್ಲೇ ವಿಲೀನವಾಯಿತು. ದೊಡ್ಡ ಸಂಸ್ಥೆಯ ನೆರಳಿಗೆ ಬಂದರೆ ಬದುಕು ಭದ್ರವಾಗುತ್ತದೆ ಎಂದು ಊರು ಆಗ ನಂಬಿತ್ತು. ಆದರೆ ಭಿಲಾಯಿ, ಬೊಕಾರೊಗಳಂಥ ಬೃಹತ್ ಘಟಕಗಳ ಪಂಕ್ತಿಯಲ್ಲಿ ಭದ್ರಾವತಿ ಕೊನೆಯ ಎಲೆಯ ಊಟಗಾರನಾಯಿತು. ಷೇರು ಮಾರಾಟದ ಪ್ರಯತ್ನಗಳು ನಡೆದವು, ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕಾಯಂ ನೌಕರರ ಸಂಖ್ಯೆ ನೂರರ ಲೆಕ್ಕಕ್ಕೆ ಇಳಿದು, ಗುತ್ತಿಗೆ ಕಾರ್ಮಿಕರೇ ಹೆಚ್ಚಾದರು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು. ಗೇಟಿನ ಮುಂದೆ ಶಾಮಿಯಾನ ಹಾಕಿ ತಿಂಗಳುಗಟ್ಟಲೆ ಕುಳಿತ ಗುತ್ತಿಗೆ ಕಾರ್ಮಿಕರು, ಅವರ ಜೊತೆ ಕುಳಿತ ಮನೆಯ ಹೆಣ್ಣುಮಕ್ಕಳು, ಬೆಂಬಲಕ್ಕೆ ಬಂದ ಮಠಾಧೀಶರು, ಅಂಗಡಿ ಬಾಗಿಲು ಹಾಕಿ ಬಂದ್ ಮಾಡಿದ ವರ್ತಕರು ಇಲ್ಲದೇ ಹೋಗಿದ್ದರೆ ಆ ವಿಷಯ ಅಲ್ಲಿಗೇ ಮುಗಿದುಹೋಗುತ್ತಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು, ಸೈಲ್‌ನ ಬೇರೆ ಘಟಕದಿಂದ ತಂದ ಉಕ್ಕಿನ ದಿಮ್ಮಿಗಳನ್ನು ಇಲ್ಲಿ ಉರುಳಿಸುವ ಕೆಲಸಕ್ಕಾಗಿ. ಮಿಶ್ರಲೋಹದ ವಿಶೇಷ ಉಕ್ಕಿಗೆ ಹೆಸರಾದ ಊರಿಗೆ ಉಕ್ಕನ್ನೇ ಹೊರಗಿನಿಂದ ತಂದುಕೊಡುವ ಸ್ಥಿತಿ ಅದು. ಪೇಪರ್ ಮಿಲ್ಲಿನ ಯಂತ್ರಗಳಂತೂ 2015ರಲ್ಲೇ ನಿಂತಿವೆ.

2024ರಲ್ಲಿ ಕರ್ನಾಟಕದವರೇ ಆದ ಎಚ್.ಡಿ. ಕುಮಾರಸ್ವಾಮಿ ಕೇಂದ್ರದ ಉಕ್ಕು ಸಚಿವರಾಗಿ ಬಂದು ಕಾರ್ಖಾನೆಯನ್ನು ನೋಡಿ ಭರವಸೆ ಕೊಟ್ಟಾಗ ಊರಿನಲ್ಲಿ ಪಟಾಕಿ ಸದ್ದು ಕೇಳಿಸಿದ್ದು ಸಹಜ. ನಾನೂ ಸಂತೋಷಪಟ್ಟೆ. ಆದರೆ ಭರವಸೆಯನ್ನು ಅಳೆಯುವ ಕೋಲು ಯಾವುದೆಂದು ನಾವು ಗಟ್ಟಿಯಾಗಿ ಹೇಳಬೇಕು. ಸಾವಿರಾರು ಕೋಟಿಯ ಬಂಡವಾಳದ ಮಾತು ಕೇಳಿದಾಗ ಅದಿರು ಯಾವ ಗಣಿಯಿಂದ, ಯಾವ ರೈಲಿನಲ್ಲಿ, ಟನ್ನಿಗೆ ಎಷ್ಟು ಬೆಲೆಗೆ ಬರುತ್ತದೆ ಎಂದು ಕೇಳೋಣ. ಬಳ್ಳಾರಿ, ಸಂಡೂರು ಕಡೆಯ ಗಣಿಗಳು ನಮ್ಮ ರಾಜ್ಯದಲ್ಲೇ ಇವೆ. ಆ ಅದಿರಿನ ಒಂದು ಸಣ್ಣ ಪಾಲನ್ನು ಈ ಕಾರ್ಖಾನೆಗೆಂದು ಕಾಯಂ ಆಗಿ ಕಟ್ಟಿಟ್ಟು, ಗಣಿಗಾರಿಕೆಗೆ ಬೇಕಾದ ಎಲ್ಲ ಅನುಮತಿಗಳನ್ನೂ ಮುಗಿಸಿ ಕೊಡುವವರೆಗೆ ಕಟ್ಟಡಕ್ಕೆ ಬಣ್ಣ ಬಳಿದರೂ ಯಂತ್ರ ತಂದರೂ ಪ್ರಯೋಜನವಿಲ್ಲ. ದೊಡ್ಡ ಪ್ರಮಾಣದ ಸಾಧಾರಣ ಉಕ್ಕಿನಲ್ಲಿ ಭದ್ರಾವತಿ ಯಾರನ್ನೂ ಗೆಲ್ಲಲಾರದು. ಕಡಿಮೆ ಪ್ರಮಾಣದಲ್ಲಿ, ಹೆಚ್ಚು ಕೌಶಲ ಬೇಡುವ ಮಿಶ್ರಲೋಹ ಮತ್ತು ಫೋರ್ಜಿಂಗ್ (ಕಾಯಿಸಿದ ಲೋಹವನ್ನು ಬಡಿದು ರೂಪಿಸುವ) ಕೆಲಸದಲ್ಲಿ ಅದಕ್ಕೆ ಜಾಗವಿದೆ ಎಂಬುದು ಅಲ್ಲಿ ದುಡಿದ ಹಿರಿಯರ ಮಾತು, ನನಗೂ ಅದು ಸರಿಯೆನಿಸುತ್ತದೆ. ಆ ಕೌಶಲ ಕಾಗದದ ಮೇಲೆ ಬರೆದಿಟ್ಟದ್ದಲ್ಲ. ಉಕ್ಕಿನ ಬಣ್ಣ ನೋಡಿ ಅದರ ಕಾವು ಹೇಳಬಲ್ಲವರು ನಿವೃತ್ತರಾಗಿ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರಿಂದ ಕಲಿಯಬೇಕಾದ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದ್ದಾರೆ.

ಕುಲುಮೆಯ ಪ್ರಶ್ನೆ ಬಗೆಹರಿಯುವವರೆಗೆ ಊರಿನ ಪ್ರಶ್ನೆಯನ್ನು ಕಾಯಿಸಬಾರದು ಎಂಬುದು ನನ್ನ ಇನ್ನೊಂದು ಒತ್ತಾಯ. ಸುಮಾರು ಒಂದೂವರೆ ಲಕ್ಷ ಜನರಿರುವ ಈ ನಗರದಲ್ಲಿ ಕಾರ್ಖಾನೆಯ ಮನೆಗಳಲ್ಲಿ ನಿವೃತ್ತರಾದವರೂ ಕರಾರಿನ ಮೇಲೆ ಉಳಿದುಕೊಂಡಿದ್ದಾರೆ. ಪೇಪರ್ ಟೌನ್‌ನಲ್ಲಿ ಸಾಲು ಸಾಲು ಕ್ವಾರ್ಟರ್ಸ್‌ಗಳ ಬಾಗಿಲು ಕಿಟಕಿಗಳು ಕಿತ್ತುಹೋಗಿ, ಅಂಗಳದ ಮಾವಿನ ಮರಗಳ ಕೆಳಗೆ ಲಂಟಾನ ಬೆಳೆದಿದೆ. ಆ ಮನೆಗಳು ಕಾರ್ಖಾನೆಯ ಆಸ್ತಿಪಟ್ಟಿಯ ಒಂದು ಸಾಲಾಗಿ ಉಳಿದರೆ ಕುಸಿದು ಬೀಳುತ್ತವೆ. ನ್ಯಾಯವಾದ ಬೆಲೆಗೆ ವಾಸವಿರುವವರಿಗೋ ನಗರಸಭೆಗೋ ಬಂದರೆ ಊರು ಬಾಳುತ್ತದೆ. ಆಸ್ಪತ್ರೆ, ಶಾಲೆಗಳದ್ದೂ ಅದೇ ಮಾತು. ಎಂ.ಪಿ.ಎಂ. ಹೆಸರಿನಲ್ಲಿರುವ ಸಾವಿರಾರು ಎಕರೆ ನೆಡುತೋಪುಗಳನ್ನು ಕಾಗದವೇ ತಯಾರಾಗದ ಈ ಕಾಲದಲ್ಲಿ ಮತ್ತೆ ಅಕೇಶಿಯಾಕ್ಕೆ ಕೊಡದೆ ಸ್ವಾಭಾವಿಕ ಕಾಡಾಗಿ ಬೆಳೆಯಲು ಬಿಡಬೇಕು. ಒಂದು ಕಾಲದಲ್ಲಿ ಕಾಡಿನಿಂದ ತೆಗೆದುಕೊಂಡದ್ದರಲ್ಲಿ ಸ್ವಲ್ಪವನ್ನಾದರೂ ಅದಕ್ಕೆ ಹಿಂತಿರುಗಿಸುವ ಅವಕಾಶ ಅದು.

ಮಳೆಗಾಲದಲ್ಲಿ ಲಕ್ಕವಳ್ಳಿ ಜಲಾಶಯ 186 ಅಡಿಗೆ ತುಂಬಿ ಗೇಟು ತೆರೆದ ದಿನ ಊರಿನ ಹೊಸ ಸೇತುವೆಯ ಮೇಲೆ ನೀರು ಹರಿಯುತ್ತದೆ, ತಗ್ಗಿನ ಬಡಾವಣೆಗಳವರು ಪಾತ್ರೆ ಪಗಡೆ ಹೊತ್ತು ಗಂಜಿಕೇಂದ್ರಕ್ಕೆ ನಡೆಯುತ್ತಾರೆ. ವರ್ಷಗಳಿಂದ ಇದು ಹೀಗೆಯೇ ನಡೆದಿದೆ. ಕಾರ್ಖಾನೆಯ ದೊಡ್ಡ ಮಾತುಗಳ ನಡುವೆ ದಂಡೆಗೆ ಗಟ್ಟಿಯಾದ ತಡೆಗೋಡೆ, ಒಳಚರಂಡಿಯ ನೀರನ್ನು ಶುದ್ಧೀಕರಿಸಿ ಹೊಳೆಗೆ ಬಿಡುವ ವ್ಯವಸ್ಥೆ ಎಂಬ ಮಾತುಗಳು ಯಾರ ಪ್ರಣಾಳಿಕೆಯಲ್ಲೂ ಮೊದಲ ಪುಟಕ್ಕೆ ಬರುವುದಿಲ್ಲ. ಮುಂದಿನ ಬಾರಿ ಮತ ಕೇಳಲು ಬಂದವರನ್ನು ಸ್ವಾಗತಿಸಿ, ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಅದಿರಿನ ಒಪ್ಪಂದದ ಪ್ರತಿ, ಕ್ವಾರ್ಟರ್ಸ್‌ಗಳ ಬಗೆಗಿನ ಸರ್ಕಾರಿ ಆದೇಶ, ತಡೆಗೋಡೆಯ ಟೆಂಡರ್ ಈ ಮೂರನ್ನೂ ತಂದಿದ್ದೀರಾ ಎಂದು ಕೇಳಬೇಕೆಂದು ಭದ್ರಾವತಿಯ ಗೆಳೆಯರಲ್ಲಿ ನನ್ನ ವಿನಂತಿ.